ತೆರೆದಿಟ್ಟ ತುದಿ

ಕೆಳಗಿನ ಮಸೀದಿಯ ಬಾಂಗು ಶುರುವಾದ ಒಂಬತ್ತು ಉಸಿರಿಗೆ ಮೇಲಿನ ಮಸೀದಿಯದು ಶುರುವಾಗುತ್ತದೆ. ಕರಂಗ್‌ಸೊನೊ ಪೇಟೆಗೆ ವರ್ಗವಾಗಿ ಬಂದ ಇಪ್ಪತ್ತಾರು ವರ್ಷಗಳಿಂದ ಮರ್ತೊಯೊ ಹಾಸಿಗೆಯಲ್ಲಿ ಕಣ್ಣು ಮುಚ್ಚಿಕೊಂಡೇ ಆ ಒಂಬತ್ತನ್ನು ಎಣಿಸುತ್ತ ಬಂದಿದ್ದ. ಎಣಿಸಿದಾಗಲೆಲ್ಲ, ಬಾಂಗು ಕೂಗುವ ಇಬ್ಬರೂ ತಮ್ಮ ಗಡಿಯಾರಗಳನ್ನು ಒಂದಕ್ಕೊಂದು ಸರಿಮಾಡಿಕೊಳ್ಳಬಾರದೇ, ದೇವರ ಕರೆಯಾದರೂ ಒಂದೇ ತಾಳದಲ್ಲಿ ಬರಬಾರದೇ ಎಂದು ಒಳಗೊಳಗೇ ಕಿರಿಕಿರಿಪಟ್ಟಿದ್ದ. ಇವತ್ತು ನಾಲ್ಕರ ಹತ್ತಿರ ಎಣಿಕೆ ತಪ್ಪಿತು. ಎದ್ದು ಕೈಕಾಲು ತೊಳೆದು ಚಾಪೆಯ ಮೇಲೆ ನಿಂತ. ಹಣೆ ನೆಲಕ್ಕೆ ತಾಗಿದ ಹೊತ್ತಿನಲ್ಲಿ ಕಣ್ಣ ಮುಂದೆ ಬಂದದ್ದು ಒಂದು ಸಣ್ಣ ರಬ್ಬರು ಮುಚ್ಚಳ. ಫೈಬರಿನ ತುದಿಗೆ ಧೂಳು ಕೂರದಂತೆ ಹಾಕುವ, ತೊಗರಿಬೇಳೆಯಷ್ಟು ದೊಡ್ಡ, ನೀಲಿ ಮುಚ್ಚಳ. ಐದು ದಿನದಿಂದ ಅವನ ಪ್ರಾರ್ಥನೆಯಲ್ಲಿ ಅದೇ ಬಂದು ಕೂತಿತ್ತು.

ಅಡುಗೆಮನೆಯಲ್ಲಿ ಹೆಂಡತಿ ಕಸ್ಮಿನಾ ಸೋಯಾ ಕಾಳಿನ ಟೆಂಪೆ ಕರಿಯುತ್ತಿದ್ದಳು. "ರೀ ಪಾಕ್ನೆ, ಇವತ್ತು ಪಟ್ಟಣದಿಂದ ದೊಡ್ಡೋರು ಬರ್ತಾರೆ ಅಂದ್ರಲ್ಲ, ಬಾತಿಕ್ ಅಂಗಿ ಹೊರಗೆ ತೆಗೆದಿಟ್ಟಿದೀನಿ. ಕಾಲರ್ ಹರಿದಿರೋದು ಯಾರಿಗೂ ಕಾಣಲ್ಲ, ನೀವು ಕತ್ತು ತಿರುಗಿಸದೆ ಇದ್ರೆ." ಅವನು ಹೂಂಗುಟ್ಟಿ ಅನ್ನಕ್ಕೆ ಕೈ ಹಾಕಿದ. ಅವಳಿಗೆ ಸಕ್ಕರೆ ಕಾಯಿಲೆ. ತಿಂಗಳಿಗೊಮ್ಮೆ ಗುರುವಾರ ಮಧ್ಯಾಹ್ನ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಹೋದ ಗುರುವಾರದ ಕಥೆಯನ್ನು ಅವಳು ಓಣಿಯಲ್ಲಿ ಈಗಾಗಲೇ ನಾಲ್ಕು ಮನೆಗೆ ಹೇಳಿ ಬಂದಿದ್ದಳು, ಈಗ ಐದನೆಯ ಸಲ ಗಂಡನಿಗೆ. ಕಂಪ್ಯೂಟರು ಕಲ್ಲಾಗಿ ಕೂತದ್ದು, ನರ್ಸಮ್ಮ ಕ್ಯಾಲೆಂಡರಿನ ಹಾಳೆ ಹರಿದು ಪೆನ್ಸಿಲಿನಲ್ಲಿ ನಂಬರು ಬರೆದು ಹಂಚಿದ್ದು, ಹದಿನೇಳು ಅಂದಾಗ ಇಬ್ಬರು ಎದ್ದು ನಿಂತದ್ದು, ಇಬ್ಬರೂ ಮುದುಕರು, ಇಬ್ಬರೂ ಕಿವುಡರು. ಹೇಳಿ ನಕ್ಕಳು. "ನನ್ನ ಹಿಂದೆ ಒಂದು ಬಸುರಿ ಹುಡುಗಿ ಇತ್ತು, ಪಾಪ. ಅದರ ಹೊಟ್ಟೆ ಚಿತ್ರ ಆಸ್ಪತ್ರೆ ಡಾಕ್ಟ್ರಿಗೆ ಕಳಿಸೋಕಾಗದೆ ಸಂಜೆ ತನಕ ಬೆಂಚಿನ ಮೇಲೇ ಒರಗಿತ್ತು. ನಿಮ್ಮ ಆ ಹುಡುಗಿ, ಪಾಲುಪಿ, ಏನೋ ಕೆಡಿಸಿಬಿಟ್ಲಂತೆ, ಹೌದಾ?" ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ನೀರು ಕುಡಿದು ನುಂಗಿದ. ಹೀಗೆ ನುಂಗುವುದು ಎಷ್ಟು ಸುಲಭವಾಗಿಬಿಟ್ಟಿದೆ ಎಂದು ಅವನಿಗೇ ಹೇಸಿಗೆಯಾಯಿತು.

ಬೈಕಿನಲ್ಲಿ ಹೊರಟವನಿಗೆ ಲಾವು ಬೆಟ್ಟದ ಸೊಂಟದಲ್ಲಿ ಮಂಜು ಇನ್ನೂ ಕೂತಿದ್ದು ಕಂಡಿತು. ಆ ಬೆಟ್ಟದ ಸುತ್ತ ಏಳು ಟೆಲಿಫೋನ್ ಎಕ್ಸ್‌ಚೇಂಜುಗಳು. ಒಂದರಿಂದ ಒಂದಕ್ಕೆ ಫೈಬರು ಎಳೆದು ಕೊನೆಯದನ್ನು ಮೊದಲಿನದಕ್ಕೆ ಕೂಡಿಸಿದ ಉಂಗುರ. ಆ ಉಂಗುರವನ್ನು ಎಳೆದ ಗುಂಪಿನಲ್ಲಿ ಅವನೂ ಇದ್ದ, ಮೀಸೆ ಕಪ್ಪಿದ್ದ ಕಾಲದಲ್ಲಿ. ಆಗಿನ ದೊಡ್ಡ ಮೇಸ್ತ್ರಿ ಹೇಳುತ್ತಿದ್ದ ಮಾತು ಅವನ ಮೂಳೆಯಲ್ಲಿಳಿದಿತ್ತು: ಕೂಡದ ಉಂಗುರ ಎಂದರೆ ಮುಗಿಯದ ಕೆಲಸ. ಕೂಡಿಸಿದ ಉಂಗುರದಲ್ಲಿ ಎಲ್ಲಾದರೂ ಒಂದು ಕಡೆ ಎಳೆ ಕಡಿದರೂ ಮಾತು ಇನ್ನೊಂದು ಬದಿಯಿಂದ ಸುತ್ತಿ ಬರುತ್ತದೆ; ಕೂಡಿಸದೆ ಮನೆಗೆ ಹೋದವನು ಬಾಗಿಲು ಹಾಕದೆ ಮಲಗಿದವನ ಹಾಗೆ. ಹಳೆಯ ಯಂತ್ರದ ಶಿಸ್ತೇ ಬೇರೆಯಿತ್ತು. ಪಟ್ಟಣದ ಒಂದು ದೊಡ್ಡ ಗಡಿಯಾರದ ಬಡಿತಕ್ಕೆ ಏಳೂ ಊರಿನ ಯಂತ್ರಗಳು ಹೆಜ್ಜೆ ಹಾಕಬೇಕು. ಪ್ರತಿಯೊಬ್ಬರ ಮಾತಿಗೂ ಕಾಲದಲ್ಲಿ ಒಂದು ಗೂಡು ಗೊತ್ತುಮಾಡಿಟ್ಟಿರುತ್ತದೆ. ಮಾತಾಡಲಿ ಬಿಡಲಿ, ಆ ಗೂಡು ಖಾಲಿಯೇ ಆದರೂ ತನ್ನ ಸರದಿಗೆ ಸರಿಯಾಗಿ ಹೊರಡುತ್ತದೆ. ಅವನ ಚಿಕ್ಕಂದಿನಲ್ಲಿ ಅಪ್ಪ ಮಸೀದಿಯ ಜಗಲಿಯಲ್ಲಿ ಭಾನುವಾರ ಸಂಜೆ ಅಕ್ಷರ ಎಣಿಸಿ ಕಟ್ಟಿದ ಮಾಚಪತ್ ಪದ್ಯ ಓದಿಸುತ್ತಿದ್ದಾಗಲೂ ಹಾಗೆಯೇ. ಈ ಸಾಲಿಗೆ ಹನ್ನೆರಡು ಅಕ್ಷರ, ಕೊನೆಗೆ ಅ. ಮುಂದಿನದಕ್ಕೆ ಏಳು, ಕೊನೆಗೆ ಇ. ಪುಸ್ತಕ ಕೈಯಿಂದ ಕೈಗೆ ಹೋಗುತ್ತದೆ, ಒಬ್ಬೊಬ್ಬರು ಒಂದೊಂದು ಪದ್ಯ. ಮರ್ತೊಯೊನ ಕೈಗೆ ಬಂದಾಗ ಪ್ರತಿ ಸಲವೂ ಒಂದಕ್ಷರ ಹೆಚ್ಚಾಗುತ್ತಿತ್ತು. ಎಲ್ಲಿಂದ ನುಸುಳುತ್ತದೋ ತಿಳಿಯುತ್ತಿರಲಿಲ್ಲ, ಬಾಯಿ ಬೇರೆಯವರದ್ದೇನೋ ಎಂಬಂತೆ ಒಂದು ಉಸಿರು ಜಾರುತ್ತಿತ್ತು, ಸುತ್ತ ಕೂತವರು ತುಟಿ ಕಚ್ಚಿ ನಗು ತಡೆಯುತ್ತಿದ್ದರು. ಒಂದು ಭಾನುವಾರ ಅಪ್ಪ ಪುಸ್ತಕವನ್ನು ಅವನ ಮುಂದೆ ಹಿಡಿಯದೆ ಪಕ್ಕದವನಿಗೆ ದಾಟಿಸಿದರು. "ನೀನು ಕೇಳು," ಎಂದರು, ಅಷ್ಟೆ. ಹನ್ನೊಂದು ವರ್ಷದ ಅವನು ಅವತ್ತಿನಿಂದ ಕೇಳುವವನಾದ. ಕೇಳುತ್ತ ಕೇಳುತ್ತ ಸಾವಿರ ಪದ್ಯ ಬಾಯಿಗೆ ಬಂದವು, ಯಾರೂ ಅವನನ್ನು ಹೇಳು ಎನ್ನಲಿಲ್ಲ. ಆಮೇಲೆ ಯಂತ್ರದ ಕೆಲಸ ಸಿಕ್ಕಿದಾಗ, ಅಕ್ಷರ ತಪ್ಪದ ಈ ಯಂತ್ರ ತನ್ನ ಪರವಾಗಿ ಓದುತ್ತಿದೆ ಎಂಬಂತೆ ಅದನ್ನು ಪ್ರೀತಿಸಿದ. ಯಂತ್ರದ ಕಪಾಟಿನ ಬೆನ್ನಿಗೆ ಕಿವಿಯಿಟ್ಟು ಫ್ಯಾನಿನ ಸದ್ದು ಕೇಳಿಯೇ ಯಾವ ಸರ್ಕ್ಯೂಟ್ ಹಲಗೆ ಸಾಯುತ್ತಿದೆ ಎಂದು ಹೇಳುತ್ತಿದ್ದ.

ಹಳೆಯ ಹಲಗೆಗಳು ಸತ್ತರೆ ಹೊಸವು ಸಿಗುವುದು ನಿಂತು ಮೂರು ವರ್ಷವಾಗಿತ್ತು. ಆಗ ಬಂದವಳು ಪಾಲುಪಿ. ಮೂವತ್ತೊಂದರ ಹೆಣ್ಣು, ತಲೆಗೆ ಬೂದು ವಸ್ತ್ರ, ಬೆನ್ನಿಗೆ ತನ್ನಷ್ಟೇ ದೊಡ್ಡ ಚೀಲ, ಅದರಲ್ಲಿ ಈಥರ್ನೆಟ್. ಆ ಹೆಸರನ್ನು ಮರ್ತೊಯೊ ಬಲ್ಲ. ಕಚೇರಿಯಲ್ಲಿ ಮೇಜಿಂದ ಮೇಜಿಗೆ, ಪ್ರಿಂಟರಿಂದ ಕಂಪ್ಯೂಟರಿಗೆ ಓಡಾಡುವ ತಂತಿ. ಅದನ್ನು ಬೆಟ್ಟದ ಸುತ್ತ ಎಪ್ಪತ್ತು ಮೈಲಿ ಎಳೆಯುತ್ತೇನೆ ಎಂದಾಗ ಅವನು ನಕ್ಕಿದ್ದ. ಅದಕ್ಕೆ ಗೂಡಿಲ್ಲ, ಸರದಿಯಿಲ್ಲ, ಪಟ್ಟಣದ ಗಡಿಯಾರದ ಹಂಗಿಲ್ಲ. ಹೇಳುವುದಿದ್ದವನು ಹೇಳುವುದಿದ್ದಾಗ ಪೊಟ್ಟಣ ಕಟ್ಟಿ ವಿಳಾಸ ಬರೆದು ಕಳಿಸುತ್ತಾನೆ, ಇಲ್ಲದಿದ್ದರೆ ಸುಮ್ಮನಿರುತ್ತಾನೆ. "ಇದು ಸಂತೆ ಕಣಮ್ಮಾ, ನೆಟ್‌ವರ್ಕ್ ಅಲ್ಲ," ಎಂದಿದ್ದ. "ಸಂತೇಲೂ ಕೊತ್ತಂಬರಿ ಬೇಕಾದವರಿಗೆ ಕೊತ್ತಂಬರಿ ಸಿಗುತ್ತಲ್ಲ ಪಾಕ್," ಎಂದು, ಹಿರಿಯರನ್ನು ಕರೆಯುವ ಮರ್ಯಾದೆಯಲ್ಲೇ, ಅವಳು ತಲೆಯೆತ್ತದೆ ಸ್ಕ್ರೂ ತಿರುಗಿಸಿದ್ದಳು. ಹೊಸ ಪೆಟ್ಟಿಗೆಗಳು ಕೂತ ಮೊದಲ ವಾರ, ಅರ್ಧ ಗಂಟೆ ತೆವಳುತ್ತಿದ್ದ ಬಸುರಿಯರ ಹೊಟ್ಟೆಯ ಚಿತ್ರ ಕಣ್ಣೆವೆ ಮುಚ್ಚುವುದರೊಳಗೆ ಆಸ್ಪತ್ರೆ ಸೇರಿತು. ಆರೋಗ್ಯ ಕೇಂದ್ರದ ದಾದಿ ನಂಬದೆ ಅದೇ ಚಿತ್ರವನ್ನು ಮೂರು ಸಲ ಕಳಿಸಿದ್ದಳಂತೆ. ಅವತ್ತು ಮರ್ತೊಯೊ ಹಳೆಯ ಕಪಾಟಿನ ಧೂಳು ಒರೆಸುತ್ತ ಏನೂ ಕೇಳಿಸದವನ ಹಾಗೆ ಇದ್ದ.

ಹೋದ ಗುರುವಾರ. ಏಳೂ ಊರಿನಲ್ಲಿ ಪೆಟ್ಟಿಗೆಗಳು ಕೂತು, ಆರು ಕೊಂಡಿಗಳು ಕೂಡಿದ್ದವು. ಏಳನೆಯದು, ಕರಂಗ್‌ಸೊನೊದಿಂದ ವಾತುಗೆದೆಗೆ ಹೋಗುವುದು, ನೀಲಿ ಮುಚ್ಚಳ ಹಾಕಿಕೊಂಡು ಪೆಟ್ಟಿಗೆಯ ಪಕ್ಕದಲ್ಲಿ ನೇತಾಡುತ್ತಿತ್ತು. ಪಾಲುಪಿ ಬೆಳಿಗ್ಗೆ ಹೊರಡುವಾಗ, "ಅದೊಂದು ತುದಿ ಹಾಗೇ ಇರಲಿ ಪಾಕ್, ಸುತ್ತು ತಡೆಯೋ ಕಾವಲು ಹಾಕಿಲ್ಲ ಇನ್ನೂ, ಶನಿವಾರ ಬಂದು ನಾನೇ ಕೂಡಿಸ್ತೀನಿ," ಎಂದಿದ್ದಳು. ಕೇಳಿದ್ದ, ಕೇಳುವುದೇ ಅವನ ಬದುಕು. ಆದರೆ ಮಧ್ಯಾಹ್ನವಿಡೀ ಆ ತುದಿ ಅವನನ್ನು ನೋಡುತ್ತಿತ್ತು. ಮಳೆಗಾಲದ ಮಣ್ಣು ಜರುಗಿ ಎಲ್ಲೋ ಒಂದೆಡೆ ಎಳೆ ಕಡಿದರೆ? ಈಗಿನವರಿಗೆ ಎಲ್ಲ ಶನಿವಾರ. ಇಳಿಹೊತ್ತಿನ ಅಸರ್ ಪ್ರಾರ್ಥನೆಗೆ ಏಳುವ ಮೊದಲು ಮುಚ್ಚಳ ತೆಗೆದ, ಒಣ ಬಟ್ಟೆಯಿಂದ ತುದಿಯನ್ನು ಒರೆಸಿದ, ಕಟಕ್ ಎಂದು ಕೂಡಿಸಿದ. ಆ ಕಟಕ್ ಸದ್ದಿಗೆ ಎದೆಯೊಳಗೆ ಏನೋ ತಣ್ಣಗಾಯಿತು. ಮಸೀದಿಗೆ ಹೋಗಿ ನಿಂತ. ಎಷ್ಟೋ ತಿಂಗಳ ಮೇಲೆ ಮನಸ್ಸು ಒಂದು ಕಡೆ ನಿಂತ ಪ್ರಾರ್ಥನೆ ಅದು. ಕಣ್ಣಲ್ಲಿ ನೀರು ಬಂತು. ಬಂದವರ ಜೊತೆ ಎರಡು ಮಾತಾಡಿ, ನಿಧಾನವಾಗಿ ನಡೆದು ಬಂದ. ಬಾಗಿಲು ತೆರೆದರೆ ಪೆಟ್ಟಿಗೆಯ ಅಷ್ಟೂ ದೀಪಗಳು ಹುಚ್ಚು ಹಿಡಿದಂತೆ ಮಿಣಮಿಣ ಬಡಿದುಕೊಳ್ಳುತ್ತಿದ್ದವು, ಫೋನು ಅರಚುತ್ತಿತ್ತು. ಕೂಡಿದ ಉಂಗುರದೊಳಗೆ ಯಾರೋ ಎಲ್ಲರಿಗೂ ಎಂದು ಹೊರಡಿಸಿದ ಒಂದು ಡಂಗುರದ ಪೊಟ್ಟಣ ಸುತ್ತುತ್ತಿತ್ತು. ಪ್ರತಿ ಪೆಟ್ಟಿಗೆಯೂ ಅದನ್ನು ಎಲ್ಲ ಬಾಗಿಲಿಂದಲೂ ಮುಂದೆ ಸಾರುತ್ತದೆ. ಸುತ್ತಿ ಮತ್ತೆ ಬಂದರೆ ಮತ್ತೆ ಸಾರುತ್ತದೆ. ಇದು ಹಳೆಯದು, ಆಗಲೇ ಬಂದಿತ್ತು ಎಂದು ಗುರುತಿಸುವ ನೆನಪು ಅದಕ್ಕಿಲ್ಲ. ಒಂದು ಹತ್ತಾಗಿ, ಹತ್ತು ಲಕ್ಷವಾಗಿ, ಬೇರೆ ಯಾರ ಮಾತಿಗೂ ಜಾಗವಿಲ್ಲದೆ ಇಡೀ ಬೆಟ್ಟದ ಸುತ್ತು ಒಂದೇ ಕೂಗಿನಿಂದ ತುಂಬಿ ಹೋಗಿತ್ತು. ಇಷ್ಟೆಲ್ಲ ಅವನಿಗೆ ಆಮೇಲೆ ತಿಳಿದದ್ದು. ಆ ಗಳಿಗೆಯಲ್ಲಿ ಕೈಗೆ ಮಾತ್ರ ತಿಳಿಯಿತು. ಎಳೆದ. ದೀಪಗಳು ಒಂದೊಂದಾಗಿ ಉಸಿರು ತೆಗೆದುಕೊಂಡವು. ನೀಲಿ ಮುಚ್ಚಳವನ್ನು ಹುಡುಕಿ ತುದಿಗೆ ಹಾಕಿದ. ಅಷ್ಟರಲ್ಲಿ ನಲವತ್ತು ನಿಮಿಷ ಕಳೆದಿತ್ತು. ಪೆಟ್ಟಿಗೆ ತನ್ನ ದಿನಚರಿ ಬರೆದುಕೊಳ್ಳುವ ಪುಟ್ಟ ಜಾಗ ಆ ಕೂಗಿನಲ್ಲೇ ತುಂಬಿ ಹಳೆಯ ಸಾಲುಗಳೆಲ್ಲ ಅಳಿಸಿಹೋಗಿದ್ದರಿಂದ, ಯಾವ ಊರಿನ ಯಾವ ಕೈ ಎಂಬುದು ಎಲ್ಲೂ ಉಳಿಯಲಿಲ್ಲ. ಅವನು ಕೂಡಿಸಿದ್ದನ್ನು ಕಂಡವರು ಇಬ್ಬರೇ, ಅವನು ಮತ್ತು ದೇವರು. ಇಬ್ಬರೂ ಸುಮ್ಮನಿದ್ದರು.

ಎಕ್ಸ್‌ಚೇಂಜಿನ ಅಂಗಳದಲ್ಲಿ ಇವತ್ತು ಅವನು ತಲುಪುವಷ್ಟರಲ್ಲಿ ಪಟ್ಟಣದ ಕಾರು ಆಗಲೇ ನಿಂತಿತ್ತು. ಪಾಕ್ ಗುನಾದಿ, ಇಡೀ ವಲಯದ ಮುಖ್ಯಸ್ಥರು, ಒಳಗೆ ಮರ್ತೊಯೊನ ಕುರ್ಚಿಯಲ್ಲೇ ಕೂತು ಕರಿದ ಟೆಂಪೆಯ ಜೊತೆ ಹಸಿಮೆಣಸು ಕಚ್ಚುತ್ತಿದ್ದರು. ಎದುರಿನ ಸ್ಟೂಲಿನ ಮೇಲೆ ಪಾಲುಪಿ. ಕಣ್ಣ ಕೆಳಗೆ ಕಪ್ಪು. ತೊಡೆಯ ಮೇಲೆ ದಪ್ಪ ಕಟ್ಟು ಕಾಗದ, ಪ್ರತಿ ಹಾಳೆಯಲ್ಲೂ ಹಸಿರು ಪೆನ್ನಿನ ಗೆರೆ. ಅವಳ ಮುಂದಿನ ಚಹಾ ಮುಟ್ಟಿರಲಿಲ್ಲ.

"ಬನ್ನಿ ಬನ್ನಿ ಪಾಕ್ ಮರ್ತೊಯೊ," ಎಂದರು ಗುನಾದಿ. "ನಿಮ್ಮನ್ನೇ ಹೊಗಳ್ತಾ ಇದ್ದೆ. ನಿಮ್ಮ ಮುದಿ ಯಂತ್ರ ಇಪ್ಪತ್ತು ವರ್ಷ ಗೊಣಗದೆ ದುಡೀತು. ಇವರದು ಇಪ್ಪತ್ತು ದಿನ ಬಾಳಲಿಲ್ಲ. ಮೇಜಿನ ಕೆಳಗೆ ಓಡಾಡೋ ವಸ್ತುನ ಬೆಟ್ಟ ಹತ್ತಿಸಿದ್ರೆ ಮೊಣಕಾಲು ನಡುಗದೆ ಇರುತ್ತಾ?"

"ಬೆಟ್ಟ ಹತ್ತೋಕೆ ಅದಕ್ಕೆ ಬರುತ್ತೆ ಪಾಕ್," ಎಂದಳು ಪಾಲುಪಿ. ಸ್ವರ ಏರಲಿಲ್ಲ. "ನಾನೆಲ್ಲಿ ಎಡವಿದೆ ಅಂತ ಗೊತ್ತಾಗ್ತಾ ಇಲ್ಲ, ಅಷ್ಟೆ. ಉಂಗುರ ಕೂಡಿದಾಗ ಆಗೋ ಥರಾನೇ ಆಗಿದೆ. ಆದ್ರೆ ಅದು ಕೂಡಿರಲಿಲ್ಲ."

"ಕೂಡಿರಲಿಲ್ಲ, ಆದ್ರೂ ಕೂಡ್ತು. ಮದುವೆ ಆಗಿಲ್ಲ, ಮಗು ಮಾತ್ರ ಆಯ್ತು ಅಂದಂಗಾಯ್ತು." ಗುನಾದಿ ತಮ್ಮ ಮಾತಿಗೆ ತಾವೇ ನಕ್ಕು, ನಗದವರನ್ನು ನೋಡಿ ಗಂಟಲು ಸರಿಮಾಡಿಕೊಂಡರು. "ನೋಡಮ್ಮಾ, ಆಸ್ಪತ್ರೆಯವರಿಗೆ ನಾನು ಕಾರಣ ಹೇಳಬೇಕು. ಕಾರಣ ಗೊತ್ತಿಲ್ಲದ ರೋಗ ಮತ್ತೆ ಬರಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ? ಹಳೇದಕ್ಕೇ ವಾಪಸ್ ಹೋಗೋಣ, ನಡೆಯೋಷ್ಟು ದಿನ ನಡೀಲಿ. ನಿನ್ನನ್ನ ಈ ಕೆಲಸದಿಂದ ಬಿಡಿಸ್ತೀನಿ. ಪಾಕ್ ಮರ್ತೊಯೊ, ಇಲ್ಲೊಂದು ಸಹಿ ಹಾಕಿ. ಗುರುವಾರ ಈ ಎಕ್ಸ್‌ಚೇಂಜಿನಲ್ಲಿ ಯಾವ ಕೊಂಡೀನೂ ಯಾರೂ ಮುಟ್ಟಿಲ್ಲ ಅಂತ. ನಿಮ್ಮ ಸಹಿ ಇದ್ರೆ ಮುಂದೆ ಯಾರೂ ಮಾತಾಡಲ್ಲ."

ಕಾಗದ ಅವನತ್ತ ಜಾರಿ ಬಂತು. ಪೆನ್ನು ಅವನ ಕೈಯಲ್ಲಿತ್ತು, ಯಾವಾಗ ತೆಗೆದುಕೊಂಡನೋ. ಹಳೆಯದಕ್ಕೇ ವಾಪಸ್. ಕಿವಿಗೆ ಅದು ಹಿತವಾಗಿಯೇ ಕೇಳಿಸಿತು, ಅದನ್ನು ಸುಳ್ಳೆನ್ನಲಾರ. ತನ್ನ ಯಂತ್ರ, ತನ್ನ ಗಡಿಯಾರ, ತನ್ನ ಕುರ್ಚಿ. ಒಂದು ಸಹಿಗೆ ಅವನ ಹೆಸರಿನ ಮೂರಕ್ಷರ ಸಾಕು. ಹಳೆಯ ಕಪಾಟು ಬೆನ್ನ ಹಿಂದೆ ಎಂದಿನಂತೆ ಗುಂಯ್‌ಗುಡುತ್ತಿತ್ತು. ಕಿವಿ ಕೊಟ್ಟ. ನಾಲ್ಕನೆಯ ಹಲಗೆ ಸಾಯುತ್ತಿದೆ. ಇವತ್ತಲ್ಲ, ಮಳೆಗಾಲ ದಾಟಲಾರದು. ಅದು ಹೋದರೆ ಬೆಂಚಿಗೊರಗಿದ ಆ ಬಸುರಿ ಹುಡುಗಿ ಒಂದು ಸಂಜೆಯಲ್ಲ, ಎಷ್ಟು ಸಂಜೆ ಕಾಯಬೇಕೋ. ಪಾಲುಪಿ ಕಾಗದದ ಕಟ್ಟನ್ನು ಮತ್ತೆ ತಿರುವತೊಡಗಿದ್ದಳು, ತಪ್ಪು ಅಲ್ಲೇ ಎಲ್ಲೋ ಅಡಗಿದೆ, ಇನ್ನೊಮ್ಮೆ ನೋಡಿದರೆ ಸಿಕ್ಕೀತು ಎಂಬಂತೆ. ಹಸಿರು ಗೆರೆಗಳು. ಸಾಲು ಸಾಲಾಗಿ ತನ್ನದಲ್ಲದ ತಪ್ಪಿಗೆ ಅಕ್ಷರ ಎಣಿಸುತ್ತಿದ್ದಾಳೆ. ತುಟಿಗಳು ಅಲುಗುತ್ತಿದ್ದವು. ಆ ಅಲುಗುವ ತುಟಿಗಳನ್ನು ಅವನು ಬಲ್ಲ. ಜಗಲಿಯ ಮೇಲೆ, ಪುಸ್ತಕ ತನ್ನತ್ತ ಬರುತ್ತಿರುವಾಗ, ಈ ಸಲ ತಪ್ಪಬಾರದು ಎಂದು ಒಳಗೊಳಗೇ ಹೇಳಿಕೊಳ್ಳುತ್ತಿದ್ದ ತನ್ನವೇ ತುಟಿಗಳು.

"ನಾನು ಕೂಡಿಸಿದೆ," ಎಂದ.

ಗುನಾದಿ ಮೆಣಸನ್ನು ಕೈಯಲ್ಲೇ ಹಿಡಿದರು. "ಏನು?"

"ಗುರುವಾರ. ಅಸರ್‌ಗೆ ಹೋಗೋ ಮೊದಲು. ವಾತುಗೆದೆ ಕೊಂಡಿ. ಇವಳು ಬೇಡ ಅಂದಿದ್ಲು. ನಾನು ಕೂಡಿಸಿ ನಮಾಜಿಗೆ ಹೋದೆ. ಬಂದು ನೋಡಿ ಕಿತ್ತೆ." ಹೇಳಬೇಕಾದ್ದು ಇಷ್ಟೇ ಇತ್ತು. ಐದು ದಿನ ಕಟ್ಟಿದ್ದ ಉದ್ದುದ್ದ ವಾಕ್ಯಗಳಲ್ಲಿ ಒಂದೂ ಬರಲಿಲ್ಲ. ಆಮೇಲೆ ಯಾರೂ ಕೇಳದೆಯೇ ಸೇರಿಸಿದ, "ಒರೆಸಿ ಕೂಡಿಸಿದೆ." ಸೇರಿಸಿದ ಮೇಲೆ ಅದರ ಹಾಸ್ಯಾಸ್ಪದ ರೂಪ ಕಂಡು ಕಿವಿ ಬಿಸಿಯಾಯಿತು. ಅದೇ ಆ ಹೆಚ್ಚಿನ ಒಂದಕ್ಷರ.

ಪಾಲುಪಿ ಕಾಗದಗಳನ್ನು ನೆಲದ ಮೇಲಿಟ್ಟಳು, ಮೆಲ್ಲಗೆ, ಅಂಚು ಸರಿಮಾಡಿ. ಅವನು ಕ್ಷಮೆಯನ್ನೋ ಕಣ್ಣೀರನ್ನೋ ನಿರೀಕ್ಷಿಸಿದ್ದನೇನೋ. ಬಂದದ್ದು ಬೇರೆ. "ಐದು ದಿನ, ಪಾಕ್," ಎಂದಳು. "ಐದು ದಿನ ನಾನು ಏಳು ಪೆಟ್ಟಿಗೇದೂ ಪ್ರತಿ ಸಾಲು ಓದಿದೀನಿ. ಶನಿವಾರ ನಿಮಗೇ ಫೋನ್ ಮಾಡಿ ಕೇಳಿದೆ, ಮುಚ್ಚಳ ಇದೆಯಾ ಅಂತ. ಇದೆ ಅಂದ್ರಿ."

"ಇತ್ತು."

"ಇತ್ತು," ಎಂದಳು ಅವಳೂ. "ನಮ್ಮಮ್ಮ ಎರಡು ದಿನದಿಂದ ನನ್ ಜೊತೆ ಮಾತು ಬಿಟ್ಟಿದಾಳೆ. ಇದ್ದೊಂದು ಒಳ್ಳೇ ಕೆಲಸಾನೂ ಕಳ್ಕೊಳ್ತಿದೀಯ ಅಂತ. ಅವಳಿಗೆ ನೀವೇ ಬಂದು ಹೇಳ್ಬೇಕು."

"ಬರ್ತೀನಿ."

"ನಿಮ್ಮ ಮನೇಲಿ ಹೇಳಿದೀರಾ?"

ಅವನು ತಲೆ ತಗ್ಗಿಸಿದ. ಓಣಿಯ ನಾಲ್ಕು ಮನೆಗಳೂ, ಹದಿನೇಳನೆಯ ನಂಬರಿನ ಇಬ್ಬರು ಮುದುಕರೂ ನೆನಪಾದರು. ಸಂಜೆ ಕಸ್ಮಿನಾ ಮೊದಲು ನಗುವಳು, ಆಮೇಲೆ ಬೆಂಚಿನ ಮೇಲಿದ್ದ ಹುಡುಗಿಯನ್ನು ನೆನೆದು ನಗು ನಿಲ್ಲಿಸುವಳು. ಅದನ್ನು ನೋಡಬೇಕಾಗುತ್ತದೆ.

ಗುನಾದಿ ಸಹಿಯ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡು ಬಿಳಿ ಹಾಳೆಯೊಂದನ್ನು ಅವನ ಮುಂದಿಟ್ಟರು. "ಈಗ ಹೇಳಿದ್ದನ್ನೇ ನಿಮ್ಮ ಕೈಯಲ್ಲೇ ಬರೀರಿ. ಪಟ್ಟಣದಲ್ಲಿ ನಿಮ್ಮನ್ನ ಒಂದು ಸಲ ಕರೆಸ್ತಾರೆ, ಬೈತಾರೆ, ಬೈಸ್ಕೊಳ್ಳಿ. ಹುಡುಗರ ಮುಂದೆ ಕೂರಿಸಿ ತರಬೇತಿ ಅಂತಲೂ ಮಾಡಿಸ್ತಾರೆ. ನಿಮ್ಮ ವಯಸ್ಸಿಗೆ ಅದು ಬೈಗುಳಕ್ಕಿಂತ ಕಷ್ಟ." ಎದ್ದು ಕಿಟಕಿಯ ಬಳಿ ನಿಂತು ಬೆಟ್ಟ ನೋಡಿದರು. ಆಮೇಲೆ ತಮಗೇ ಹೇಳಿಕೊಳ್ಳುವಂತೆ, "ಹೆಸರಿಲ್ಲದ ರೋಗ ಅಂತ ಹೆದರಿದ್ದೆ. ಇದಕ್ಕೆ ಹೆಸರಿದೆಯಲ್ಲ," ಎಂದು ಪಾಲುಪಿಯತ್ತ ತಿರುಗಿದರು. "ಆ ಕಾವಲು ಅಂದ್ಯಲ್ಲ, ಅದನ್ನ ಹಾಕೋಕೆ ಎಷ್ಟು ಹೊತ್ತು ಬೇಕು?"

"ಹಾಕಿ ಆಗಿದೆ ಪಾಕ್. ಶನಿವಾರವೇ ಕೂತಲ್ಲಿಂದ್ಲೇ ಏಳೂ ಕಡೆ ಹಾಕಿದೆ. ಕೂಡಿಸೋಕೆ ಧೈರ್ಯ ಬರಲಿಲ್ಲ."

ಮರ್ತೊಯೊ ಬರೆದ. ಸಣ್ಣ ಶಾಲೆಯ ಹುಡುಗನ ಹಾಗೆ ನಾಲಿಗೆ ಹಲ್ಲಿನ ನಡುವೆ ಬಂದಿತ್ತು. ಬರೆದು ಮುಗಿಸಿ ತಲೆಯೆತ್ತಿದಾಗ ಪಾಲುಪಿ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಅವನತ್ತ ಕೈ ಚಾಚಿದ್ದಳು. ಅಂಗೈಯಲ್ಲಿ ಫೈಬರಿನ ತುದಿ, ಅದರ ಮೇಲೆ ನೀಲಿ ಮುಚ್ಚಳ. "ನೀವೇ," ಎಂದಳು. ಕೋಪ ಹೋಗಿರಲಿಲ್ಲ, ಅದು ಸ್ವರದಲ್ಲಿತ್ತು. ಆದರೆ ಚಾಚಿದ ಕೈ ಹಿಂದೆ ಹೋಗಲಿಲ್ಲ. "ಒರೆಸಿ ಕೂಡಿಸಿ."

ಮಂಡಿಯೂರಿದ. ಹರಿದ ಕಾಲರು ಕತ್ತಿಗೆ ಚುಚ್ಚಿತು. ಬಟ್ಟೆಯಿಂದ ತುದಿಯನ್ನು ಒಂದೇ ದಿಕ್ಕಿಗೆ ಒರೆಸಿದ, ಬಿಸ್ಮಿಲ್ಲಾ ಎಂದ, ಕಟಕ್. ಕೈ ತೆಗೆಯಲಿಲ್ಲ, ಹುಚ್ಚೆದ್ದರೆ ಎಳೆಯಲು ಬೆರಳು ಅಲ್ಲೇ ಇರಲಿ ಎಂದು ಕಾದ. ಎಲ್ಲ ದೀಪಗಳೂ ತಮ್ಮ ಪಾಡಿಗೆ ಹಸಿರಾಗಿ ಮಿನುಗುತ್ತಿದ್ದವು. ಅವನ ಬೆರಳ ಮೇಲಿನದು ಮಾತ್ರ ಅರಿಸಿನ ಬಣ್ಣಕ್ಕೆ ತಿರುಗಿ, ಮಿನುಗದೆ, ನಿಶ್ಚಲವಾಗಿ ನಿಂತಿತು.

"ಇದು ಕೆಟ್ಟಿದೆಯಾ?" ಎಂದು ಕೇಳಿದ.

"ಇಲ್ಲ. ಅದೇ ಕಾವಲು. ಉಂಗುರ ಕೂಡಿದೆ, ಆದ್ರೆ ಈ ಬಾಗಿಲು ಯಾರ ಮಾತನ್ನೂ ಮುಂದೆ ಸಾರಲ್ಲ. ಪಕ್ಕದವರು ಇದ್ದಾರಾ ಅಂತ ಕೇಳಿಸ್ಕೊಳ್ತಾ ಇರುತ್ತೆ, ಅಷ್ಟೆ."

"ಬರೀ ಕೇಳುತ್ತೆ."

"ಬರೀ ಕೇಳುತ್ತೆ. ಇದೊಂದು ಕೇಳ್ತಾ ಕೂತಿರೋದ್ರಿಂದ್ಲೇ ಉಳಿದವರು ಮಾತಾಡೋಕಾಗೋದು." ಅವಳು ಫೋನು ತೆಗೆದು ಬೆಟ್ಟದ ಆಚೆ ಬದಿಯ ಎಕ್ಸ್‌ಚೇಂಜು ನೋಡಿಕೊಳ್ಳುವ ತರ್ನೊನನ್ನು ಕರೆದಳು. "ಮಾಸ್ ತರ್ನೊ, ನಿಮ್ಮ ಬಲಗಡೆ ಕೊಂಡಿ ಕೀಳಿ."

"ಯಾರು ಹೇಳಿದ್ದು ಅಂತ ಬರ್ಕೊಡಿ ಮೊದ್ಲು," ಫೋನಿನೊಳಗಿಂದ ತರ್ನೊನ ಧ್ವನಿ. "ಆಮೇಲೆ ನನ್ ತಲೆಗೆ ಕಟ್ತೀರಿ."

"ಕೀಳು ತರ್ನೊ," ಎಂದ ಮರ್ತೊಯೊ, ಬಗ್ಗಿದಲ್ಲಿಂದಲೇ. "ತಲೆಗೆ ಕಟ್ಟಿಸ್ಕೊಳ್ಳೋಕೆ ಇಲ್ಲಿ ನಾನಿದೀನಿ." ಗುನಾದಿ ಕಿಟಕಿಯ ಬಳಿ ಮೂಗಿನಲ್ಲಿ ನಕ್ಕರು. ಪಾಲುಪಿ ನಗಲಿಲ್ಲ, ಆದರೆ ತಣ್ಣಗಾದ ಚಹಾವನ್ನು ಎತ್ತಿ ಒಂದು ಗುಟುಕು ಕುಡಿದಳು.

ಆಚೆ ಬದಿಯಲ್ಲಿ ತರ್ನೊ ಕಿತ್ತನೋ ಇಲ್ಲವೋ ತಿಳಿಯುವ ಮೊದಲೇ ಅರಿಸಿನದ ದೀಪ ಹಸಿರಾಯಿತು. ಹಸಿರಾಗಿ ಮಿನುಗಿತು. ಬೆಟ್ಟದ ಏಳೂ ಊರುಗಳ ಅರ್ಧದಷ್ಟು ಮಾತು ಈಗ ಅವನ ಬೆರಳ ಕೆಳಗಿನಿಂದ ಹೋಗುತ್ತಿದೆ. ಯಾರದೋ ಸಕ್ಕರೆಯ ಲೆಕ್ಕ, ಯಾರದೋ ಹುಟ್ಟದ ಮಗುವಿನ ಚಿತ್ರ, ಒಂದಕ್ಕೂ ನಿಂತದ್ದೇ ತಿಳಿಯದೆ. ತರ್ನೊ ಮತ್ತೆ ಕೂಡಿಸಿದ. ದೀಪ ಅರಿಸಿನಕ್ಕೆ ಮರಳಿ ತನ್ನ ಮೌನದಲ್ಲಿ ಕೂತಿತು. ನೀನು ಕೇಳು, ಎಂದಿದ್ದರು ಅಪ್ಪ. ಆ ಮಾತಿನ ಸ್ವರ ಯಾವುದಿತ್ತು? ನಲವತ್ತು ವರ್ಷ ಅದನ್ನು ಬೈಗುಳವೆಂದೇ ಎಣಿಸಿದ್ದ. ಅವತ್ತು ಪುಸ್ತಕವನ್ನು ದಾಟಿಸಿದ ಕೈ ಅವನ ನೆತ್ತಿಯ ಮೇಲೊಮ್ಮೆ ತಂಗಿತ್ತೇ? ತಂಗಿತ್ತು ಎಂದು ಖಚಿತವಾಗಿ ಹೇಳಲಾರ. ಇಲ್ಲವೆಂದೂ ಹೇಳಲಾರ.

ಹೊರಗೆ ಕೆಳಗಿನ ಮಸೀದಿಯಲ್ಲಿ ಮಧ್ಯಾಹ್ನದ ಬಾಂಗು ಎದ್ದಿತು. ಪಾಲುಪಿ ಕಾಗದದ ಕಟ್ಟನ್ನು ಚೀಲಕ್ಕೆ ತುರುಕುತ್ತ, "ಹೋಗಿ ಬನ್ನಿ ಪಾಕ್," ಎಂದಳು. "ಈ ಸಲ ಅದನ್ನ ನಾನು ನೋಡ್ಕೊಳ್ತೀನಿ. ನಾನು ಆಮೇಲೆ ಹೋಗ್ತೀನಿ."

ಅವನು ಅಂಗಳಕ್ಕಿಳಿದು ಚಪ್ಪಲಿ ಮೆಟ್ಟಿ ನಿಂತ. ಎಣಿಸಬಾರದೆಂದರೂ ಎಣಿಕೆ ನಡೆಯಿತು. ಏಳು, ಎಂಟು, ಒಂಬತ್ತು. ಮೇಲಿನ ಮಸೀದಿಯ ಕರೆ ತನ್ನ ಹೊತ್ತಿಗೆ, ಕೆಳಗಿನದರ ಹೆಗಲ ಮೇಲಿಂದ ಎದ್ದು ಬಂತು. ಕೆಳಗಿನ ಕರೆಗೆ ಏಳದವನೊಬ್ಬ ಪೇಟೆಯಲ್ಲಿ ಎಲ್ಲೋ ಮೇಲಿನದಕ್ಕೆ ಎದ್ದಾನು. ಎರಡೂ ಕರೆಗಳ ನಡುವೆ ಮರ್ತೊಯೊ ನಡೆದ.